ಸಾಲಗಾರನ ಸಂಕಲ್ಪ

ದೀಪಾವಳಿಯ ಪಾಡ್ಯದಂದು ನಮ್ಮ ಪೇಟೆಗಳಲ್ಲಿ ಅಂಗಡಿಕಾರರು ಹೊಸ ಕಿರ್ದಿಪುಸ್ತಕಕ್ಕೆ ಪೂಜೆ ಸಲ್ಲಿಸಿ ಅದರ ಮೊದಲ ಪುಟ ತೆರೆಯುವುದನ್ನು ವಾಚಕರು ಬಲ್ಲರು. ಆ ಪುಟದ ನೆತ್ತಿಯ ಮೇಲೆ ಶ್ರೀಕಾರವಿರುತ್ತದೆ. ಅದರ ಕೆಳಗೆ, ಕಣ್ಣಿಗೆ ಕಾಣದಿದ್ದರೂ, ಒಂದೆರಡು ಸಂಕಲ್ಪಗಳೂ ಇರುತ್ತವೆ. ಈ ವರ್ಷ ಉದ್ರಿ ವ್ಯವಹಾರವನ್ನು ಹತೋಟಿಗೆ ತರಬೇಕು, ಹಳೆಯ ಸಾಲವನ್ನು ತೀರಿಸಬೇಕು, ಮುಂಜಾನೆ ಹೊತ್ತಿಗೆ ಸರಿಯಾಗಿ ಬಾಗಿಲು ತೆಗೆಯಬೇಕು. ಸಂಕ್ರಾಂತಿಯ ವೇಳೆಗೆ ಕಿರ್ದಿ ಮುಂದುವರಿದಿರುತ್ತದೆ, ಸಂಕಲ್ಪ ಹಿಂದುಳಿದಿರುತ್ತದೆ. ಇದನ್ನು ಯಾರ ಮೇಲಿನ ಆಕ್ಷೇಪವೆಂದೂ ಭಾವಿಸಬಾರದು. ನೌಕರಿಯಲ್ಲಿರುವವನಿಗೆ ಮೇಲಧಿಕಾರಿಯಿದ್ದಾನೆ, ಹಾಜರಿ ಪುಸ್ತಕವಿದೆ. ಸಣ್ಣ ಉದ್ಯೋಗವನ್ನು ನಡೆಸುವವನಾದರೋ ತನಗೆ ತಾನೇ ಆಳು, ತನಗೆ ತಾನೇ ಒಡೆಯ. ಆತನು ತನ್ನ ಮಾತಿಗೆ ತಪ್ಪಿದರೆ ಕೇಳುವವರಿಲ್ಲ.

ಮಠದ ಪ್ರಸಾದ ನಿಲಯದಲ್ಲಿದ್ದು ವಿದ್ಯೆ ಕಲಿತು, ಇಂದು ಊರೂರುಗಳಲ್ಲಿ ಅಂಗಡಿ, ಗಿರಣಿ, ಮುದ್ರಣಾಲಯಗಳನ್ನಿಟ್ಟುಕೊಂಡು ಬಾಳುತ್ತಿರುವ ಹಳೆಯ ವಿದ್ಯಾರ್ಥಿಗಳು ಈ ಪತ್ರಿಕೆಯ ವಾಚಕರಲ್ಲಿ ಹಲವರಿದ್ದಾರೆ. ಅವರ ಮುಂದೆ ಹದಿನೆಂಟನೆಯ ಶತಮಾನದ ಒಬ್ಬ ಮುದ್ರಣಕಾರನ ಚರಿತ್ರೆಯನ್ನಿಡಬೇಕೆಂಬುದು ನನ್ನ ಬಹುದಿನದ ಆಸೆ. ಹೆಸರು ಎಲ್ಲರೂ ಕೇಳಿದ್ದೇ: ಬೆಂಜಮಿನ್ ಫ್ರಾಂಕ್ಲಿನ್. ಗಾಳಿಪಟ ಹಾರಿಸಿ ಮಿಂಚಿನ ಗುಟ್ಟನ್ನರಿತ ವಿಜ್ಞಾನಿಯೆಂದು, ಅಮೆರಿಕೆಯ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ ಮುತ್ಸದ್ದಿಯೆಂದು ಶಾಲಾ ಪುಸ್ತಕಗಳು ಆತನನ್ನು ನಮಗೆ ಪರಿಚಯಿಸಿವೆ. ನಾನು ಹೇಳಹೊರಟಿರುವುದು ಅವೆರಡಕ್ಕೂ ಮೊದಲಿನ ಫ್ರಾಂಕ್ಲಿನ್ನನನ್ನು ಕುರಿತು. ಬಾಡಿಗೆ ಮನೆಯಲ್ಲಿ ಸಾಲದ ಯಂತ್ರವನ್ನಿಟ್ಟುಕೊಂಡು ನಡುರಾತ್ರಿಯವರೆಗೆ ಅಚ್ಚಿನ ಮೊಳೆಗಳನ್ನು ಜೋಡಿಸುತ್ತಿದ್ದ ಇಪ್ಪತ್ತೆರಡರ ತರುಣ ಆತ.

ಮೊದಲಿಗೇ ಒಂದು ಎಚ್ಚರಿಕೆಯ ಮಾತು. ಈ ಸಂಗತಿಗಳಲ್ಲಿ ಹೆಚ್ಚಿನವು ಫ್ರಾಂಕ್ಲಿನ್ನನು 1771ರಿಂದ ಆರಂಭಿಸಿ ಮುಪ್ಪಿನಲ್ಲಿ ಬಿಟ್ಟು ಬಿಟ್ಟು ಬರೆದ ಆತ್ಮಕಥೆಯಿಂದ ನಮಗೆ ತಿಳಿದುಬಂದವು. ತನ್ನ ಕಥೆಯನ್ನು ತಾನೇ ಹೇಳುವವನ ಮಾತನ್ನು ತುಸು ಸೋಸಿಯೇ ಸ್ವೀಕರಿಸಬೇಕು. ಆದರೆ ಈ ಕಥೆಗಾರನು ತನ್ನ ತಪ್ಪುಗಳನ್ನು ಬಚ್ಚಿಡುವುದಿಲ್ಲ. ಅಚ್ಚಿನಲ್ಲಿ ಬಿದ್ದ ದೋಷಗಳನ್ನು ಮುದ್ರಣಕಾರರು ಕರೆಯುವ ಹೆಸರಿನಿಂದಲೇ ತನ್ನ ಬಾಳಿನ ದೋಷಗಳನ್ನೂ ಆತ ಕರೆದಿದ್ದಾನೆ. ಆ ತಪ್ಪೊಪ್ಪಿನ ಪಟ್ಟಿಯಲ್ಲಿ ಮುಖ್ಯವಾದುದೊಂದು ಹಣಕ್ಕೆ ಸಂಬಂಧಿಸಿದ್ದು. ಆತನ ಸಂಕಲ್ಪಗಳ ಬೇರು ಅಲ್ಲಿಯೇ ಇದೆಯೆಂಬುದು ನನ್ನ ಅಭಿಪ್ರಾಯ.

ಫ್ರಾಂಕ್ಲಿನ್ನನು ಹುಟ್ಟಿದ್ದು 1706ರ ಜನವರಿ 17ರಂದು, ಬಾಸ್ಟನ್ ನಗರದಲ್ಲಿ. ತಂದೆ ಇಂಗ್ಲೆಂಡಿನಿಂದ ವಲಸೆ ಬಂದವನು. ಪ್ರಾಣಿಗಳ ಕೊಬ್ಬಿನಿಂದ ಮೇಣದ ಬತ್ತಿ ಮತ್ತು ಸಾಬೂನು ತಯಾರಿಸುವುದು ಆತನ ಉದ್ಯೋಗ. ಹದಿನೇಳು ಮಕ್ಕಳ ಸಂಸಾರ. ಈ ಹುಡುಗನಿಗೆ ದೊರೆತ ಶಾಲಾಶಿಕ್ಷಣ ಎರಡು ವರ್ಷದ್ದು ಮಾತ್ರ. ಹತ್ತನೆಯ ವಯಸ್ಸಿಗೆ ತಂದೆಯ ಅಂಗಡಿಯಲ್ಲಿ ಬತ್ತಿ ಕತ್ತರಿಸಲು ನಿಂತ ಹುಡುಗನಿಗೆ ಆ ಕೆಲಸ ಒಗ್ಗಲಿಲ್ಲ. ತಂದೆ ಗದರಲಿಲ್ಲ. ಮಗನ ಕೈಹಿಡಿದುಕೊಂಡು ಊರಿನ ಬಡಗಿಗಳು, ಗೌಂಡಿಗಳು, ಹಿತ್ತಾಳೆ ಕೆಲಸದವರು ದುಡಿಯುವ ಸ್ಥಳಗಳಿಗೆಲ್ಲ ಕರೆದೊಯ್ದು, ಅವನ ಕಣ್ಣು ಯಾವ ಕೆಲಸದ ಮೇಲೆ ನಿಲ್ಲುತ್ತದೆಂದು ನೋಡಿದನು. ಮಕ್ಕಳಿಗೆ ಉದ್ಯೋಗ ಆರಿಸುವ ಹಿರಿಯರು ಈ ತಂದೆಯನ್ನೊಮ್ಮೆ ನೆನೆಯಬೇಕು. ಕಡೆಗೆ, ಪುಸ್ತಕದ ಹುಚ್ಚಿದ್ದ ಹುಡುಗನನ್ನು ಹನ್ನೆರಡನೆಯ ವಯಸ್ಸಿನಲ್ಲಿ ಅಣ್ಣ ಜೇಮ್ಸನ ಮುದ್ರಣಾಲಯದಲ್ಲಿ, ಇಪ್ಪತ್ತೊಂದು ತುಂಬುವವರೆಗೆ ದುಡಿಯುವ ಕರಾರಿನ ಮೇಲೆ ಸೇರಿಸಲಾಯಿತು. ಅಣ್ಣನೊಡನೆ ಜಗಳವಾಗಿ, ಕರಾರು ಮುರಿದು, 1723ರಲ್ಲಿ ತಮ್ಮನು ಓಡಿಹೋದನು. ಕೈಯಲ್ಲಿ ಅಲ್ಪಸ್ವಲ್ಪ ಹಣವಿಟ್ಟುಕೊಂಡು ಫಿಲಡೆಲ್ಫಿಯಾ ಸೇರಿದನು.

ಮರುವರ್ಷ ನಡೆದುದು ಮುಖ್ಯವಾದ ಸಂಗತಿ. ರೋಡ್ ಐಲೆಂಡಿನ ವರ್ನನ್ ಎಂಬ ಪರಿಚಿತನೊಬ್ಬನಿಗೆ ಪೆನ್ಸಿಲ್ವೇನಿಯಾದಿಂದ ಮೂವತ್ತೈದು ಪೌಂಡುಗಳಷ್ಟು ಹಣ ಬರಬೇಕಾಗಿತ್ತು. ಅದನ್ನು ವಸೂಲು ಮಾಡಿ, ತಾನು ತಿಳಿಸುವವರೆಗೆ ಇಟ್ಟುಕೊಂಡಿರೆಂದು ಆತನು ಫ್ರಾಂಕ್ಲಿನ್ನನಿಗೆ ಅಧಿಕಾರಪತ್ರ ಕೊಟ್ಟನು. ಹಣ ಬಂದಿತು. ಬಾಲ್ಯದ ಗೆಳೆಯ ಕಾಲಿನ್ಸನು ಕುಡಿತಕ್ಕೆ ಬಿದ್ದಿದ್ದ. ಇಂದಿಷ್ಟು ನಾಳೆಯಿಷ್ಟು ಎಂದು ಆತ ಕೇಳಿದಾಗಲೆಲ್ಲ ಫ್ರಾಂಕ್ಲಿನ್ನನು ಆ ಹಣದಿಂದಲೇ ಕೊಟ್ಟನು. ಗೆಳೆಯನು ದೇಶಾಂತರ ಹೋದವನು ಮರಳಿ ಸುದ್ದಿಯನ್ನೂ ಕಳಿಸಲಿಲ್ಲ. ಹದಿನೆಂಟರ ತರುಣನೊಬ್ಬನು ತನ್ನದಲ್ಲದ ಹಣವನ್ನು ಕಳೆದುಕೊಂಡಿದ್ದನು. ವರ್ನನ್ ಯಾವ ದಿನ ಕೇಳಿ ಕಾಗದ ಬರೆಯುವನೋ ಎಂಬ ಅಳುಕು ಅಲ್ಲಿಂದ ಮುಂದೆ ವರ್ಷಗಟ್ಟಲೆ ಆತನ ಬೆನ್ನು ಬಿಡಲಿಲ್ಲ.

ಗವರ್ನರನೊಬ್ಬನ ಪೊಳ್ಳು ಭರವಸೆಯನ್ನು ನಂಬಿ ಲಂಡನ್ನಿಗೆ ಹೋದದ್ದು, ಅಲ್ಲಿ ಮೋಸಹೋಗಿ ಅಚ್ಚುಕೂಟಗಳಲ್ಲಿ ಕೂಲಿಗೆ ದುಡಿದದ್ದು, ಇವನ್ನು ವಿಸ್ತರಿಸುವುದಿಲ್ಲ. ಆದರೆ ಆ ಪ್ರಯಾಣದಲ್ಲಿ ಪರಿಚಯವಾದ ಡೆನ್‌ಹ್ಯಾಮ್ ಎಂಬ ವರ್ತಕನ ಕಥೆಯನ್ನು ಬಿಡಲಾಗದು. ಆತ ಹಿಂದೆ ಬ್ರಿಸ್ಟಲ್ಲಿನಲ್ಲಿ ವ್ಯಾಪಾರ ಮಾಡಿ ದಿವಾಳಿಯಾದವನು. ಸಾಲಿಗರು ಬಂದಷ್ಟನ್ನು ತೆಗೆದುಕೊಂಡು ಉಳಿದುದನ್ನು ಬಿಟ್ಟುಕೊಟ್ಟಿದ್ದರು. ಡೆನ್‌ಹ್ಯಾಮನು ಅಮೆರಿಕೆಗೆ ಬಂದು ಕೆಲವೇ ವರ್ಷಗಳಲ್ಲಿ ಗಳಿಸಿ, ಇಂಗ್ಲೆಂಡಿಗೆ ಮರಳಿದೊಡನೆ ಆ ಹಳೆಯ ಸಾಲಿಗರನ್ನೆಲ್ಲ ಊಟಕ್ಕೆ ಕರೆದನು. ಬಂದವರು ಉಪಚಾರದ ಊಟವಷ್ಟೇ ಎಂದುಕೊಂಡಿದ್ದರು. ಮೊದಲ ತಟ್ಟೆಗಳನ್ನು ಎತ್ತಿದಾಗ ಪ್ರತಿಯೊಬ್ಬನ ತಟ್ಟೆಯ ಕೆಳಗೂ ಬಾಕಿಯುಳಿದ ಅಸಲು ಮತ್ತು ಬಡ್ಡಿಗೆ ಬರೆದ ಹುಂಡಿ ಇತ್ತು! ಕಾಯಿದೆಯ ಪ್ರಕಾರ ಆತನು ಒಂದು ಕಾಸನ್ನೂ ಕೊಡಬೇಕಾಗಿರಲಿಲ್ಲ. ವರ್ನನ್ನನ ಹಣ ಕಳೆದು ಕುಳಿತಿದ್ದ ತರುಣನ ಕಿವಿಗೆ ಈ ಕಥೆ ಹೇಗೆ ಕೇಳಿಸಿರಬಹುದೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

1726ರಲ್ಲಿ ಈ ಡೆನ್‌ಹ್ಯಾಮನ ಗುಮಾಸ್ತನಾಗಿ ಫ್ರಾಂಕ್ಲಿನ್ನನು ಫಿಲಡೆಲ್ಫಿಯಾಕ್ಕೆ ಮರಳಿದನು. ಜುಲೈ ತಿಂಗಳಲ್ಲಿ ಹೊರಟ ಹಡಗು ದಡ ಮುಟ್ಟಿದ್ದು ಅಕ್ಟೋಬರ್ 11ರಂದು. ಆ ದೀರ್ಘ ಪ್ರಯಾಣದಲ್ಲಿ ಇಪ್ಪತ್ತರ ತರುಣನು ತನ್ನ ಮುಂದಿನ ನಡವಳಿಕೆಗೊಂದು ಯೋಜನೆಯನ್ನು ಬರೆದುಕೊಂಡನು. ಅದರಲ್ಲಿ ಇಂದು ಉಳಿದಿರುವುದು ನಾಲ್ಕು ಅಂಶಗಳು. ಸತ್ಯವನ್ನೇ ನುಡಿಯುವುದು, ಯಾರನ್ನೂ ನಿಂದಿಸದಿರುವುದು ಎಂಬ ಎರಡನ್ನು ಯಾವ ಕಾಲದ ಯಾವ ತರುಣನಾದರೂ ಬರೆದುಕೊಂಡಾನು. ಉಳಿದೆರಡು ವಿಶೇಷವಾದವು. ಕೊಡಬೇಕಾದ ಸಾಲವೆಲ್ಲ ತೀರುವವರೆಗೆ ಅತ್ಯಂತ ಮಿತವ್ಯಯದಿಂದ ಬದುಕುವುದು ಒಂದು. ಹಿಡಿದ ಕೆಲಸವನ್ನು ಬಿಡದೆ, ಬೇಗನೆ ಸಿರಿವಂತನಾಗುವ ಹುಚ್ಚು ಹಂಚಿಕೆಗಳಿಗೆ ಮನಸ್ಸನ್ನು ಹರಿಯಗೊಡದಿರುವುದು ಮತ್ತೊಂದು. ಶ್ರೀಮಂತನಾಗಬೇಕು, ಹೆಸರು ಗಳಿಸಬೇಕು ಎಂಬ ಮಾತು ಅಲ್ಲಿಲ್ಲ. ಅದು ಸಾಲಗಾರನ ಸಂಕಲ್ಪ. ಮೇಲೇರುವ ಆಸೆಗಿಂತ ಹಗುರಾಗುವ ಆಸೆ ಅದರಲ್ಲಿ ಹೆಚ್ಚು.

ಡೆನ್‌ಹ್ಯಾಮನು ರೋಗಪೀಡಿತನಾಗಿ ಆ ಅಂಗಡಿ ಬಹುಕಾಲ ನಡೆಯಲಿಲ್ಲ. ಕೆಲಕಾಲ ಬೇರೊಬ್ಬರಲ್ಲಿ ದುಡಿದು, 1728ರಲ್ಲಿ ಫ್ರಾಂಕ್ಲಿನ್ನನು ಮೆರೆಡಿತ್ ಎಂಬ ಜೊತೆಗಾರನೊಡನೆ ಪಾಲುದಾರಿಕೆಯಲ್ಲಿ ಸ್ವಂತ ಮುದ್ರಣಾಲಯ ತೆರೆದನು. ಬಂಡವಾಳ ಮೆರೆಡಿತ್ತನ ತಂದೆಯದು, ಕಸಬು ಫ್ರಾಂಕ್ಲಿನ್ನನದು. ಪೇಟೆಯ ಹತ್ತಿರ ವರ್ಷಕ್ಕೆ ಇಪ್ಪತ್ತನಾಲ್ಕು ಪೌಂಡು ಬಾಡಿಗೆಯ ಮನೆ. ಬಾಡಿಗೆಯ ಭಾರ ಇಳಿಸಲು ಗಾಜಿನ ಕೆಲಸದವನೊಬ್ಬನ ಸಂಸಾರವನ್ನು ಅದರಲ್ಲಿಯೇ ಒಳಬಾಡಿಗೆಗೆ ಇಟ್ಟುಕೊಂಡು ಊಟವನ್ನೂ ಅವರಲ್ಲಿಯೇ ಗೊತ್ತುಮಾಡಿಕೊಂಡರು. ಮೊಳೆಗಳ ಗಂಟನ್ನು ಬಿಚ್ಚಿ ಇನ್ನೂ ಓರಣಗೊಳಿಸಿರಲಿಲ್ಲ; ಅಷ್ಟರಲ್ಲಿ ಗೆಳೆಯನೊಬ್ಬನು ಬೀದಿಯಲ್ಲಿ ಮುದ್ರಣಕಾರನನ್ನು ಹುಡುಕುತ್ತಿದ್ದ ಹಳ್ಳಿಗನೊಬ್ಬನನ್ನು ಕರೆತಂದನು. ಆ ಮೊದಲ ಗಿರಾಕಿಯಿಂದ ಬಂದ ಐದು ಷಿಲಿಂಗುಗಳು ಆಮೇಲೆ ಗಳಿಸಿದ ಯಾವ ಹಣಕ್ಕಿಂತಲೂ ಹೆಚ್ಚು ಸಂತೋಷ ಕೊಟ್ಟವೆಂದು ಫ್ರಾಂಕ್ಲಿನ್ನನು ಮುಪ್ಪಿನಲ್ಲಿ ನೆನೆದಿದ್ದಾನೆ. ಅಂಗಡಿ ಇಟ್ಟವರಿಗೆಲ್ಲ ತಮ್ಮ ತಮ್ಮ ಮೊದಲ ಗಿರಾಕಿಯ ಮುಖ ನೆನಪಿರುತ್ತದಲ್ಲವೆ?

ಮೊದಲ ದಿನಗಳಲ್ಲಿಯೇ ಅಪಶಕುನ ನುಡಿಯುವವರೂ ಬಂದರು. ಮಿಕಲ್ ಎಂಬ ಊರ ಹಿರಿಯನೊಬ್ಬನು ಬಾಗಿಲಲ್ಲಿ ನಿಂತು, ಈ ಊರು ಮುಳುಗುತ್ತಿದೆ, ಅರ್ಧ ಜನ ದಿವಾಳಿಯಾಗಿದ್ದಾರೆ, ಇಲ್ಲಿ ಅಂಗಡಿ ಇಡುವುದು ಹಣ ಹಾಳುಮಾಡಿದಂತೆ ಎಂದು ವಿವರವಾಗಿ ಹೇಳಿಹೋದನು. ಕೇಳಿದ ತರುಣನಿಗೆ ಎದೆ ಕುಸಿದಂತಾಯಿತು. ಆ ಹಿರಿಯನು ತನ್ನ ಮಾತನ್ನು ತಾನೇ ನಂಬಿ ವರ್ಷಗಟ್ಟಲೆ ಮನೆ ಕೊಳ್ಳದೆ ಕುಳಿತು, ಕಡೆಗೆ ಐದು ಪಟ್ಟು ಬೆಲೆ ತೆತ್ತು ಕೊಳ್ಳಬೇಕಾಯಿತಂತೆ!

ಇನ್ನು ದುಡಿಮೆಯ ಕಥೆ. ಕ್ವೇಕರ್ ಪಂಥದ ಇತಿಹಾಸ ಗ್ರಂಥವೊಂದರ ನಲವತ್ತು ಹಾಳೆಗಳ ಮುದ್ರಣಕಾರ್ಯ ಅವರಿಗೆ ದೊರೆಯಿತು. ಬೆಲೆ ಕಡಿಮೆ, ಕೆಲಸ ಹೆಚ್ಚು. ದಿನಕ್ಕೊಂದು ಹಾಳೆಯನ್ನು ಜೋಡಿಸಿ ಮುಗಿಸಬೇಕೆಂದು ಫ್ರಾಂಕ್ಲಿನ್ನನು ನಿಶ್ಚಯಿಸಿಕೊಂಡನು. ಮೆರೆಡಿತ್ತನು ಯಂತ್ರದಲ್ಲಿ ಒತ್ತುವನು. ಮೊಳೆ ಜೋಡಿಸುವ ಮುದ್ರಣಾಲಯಗಳು ನಮ್ಮಲ್ಲಿಯೂ ಹೆಚ್ಚುಕಡಿಮೆ ಮರೆಯಾಗಿರುವುದರಿಂದ ಒಂದು ಮಾತು ವಿವರಿಸಬೇಕು. ಒಂದು ಹಾಳೆ ಅಚ್ಚಾದ ಬಳಿಕ ಅದರ ಮೊಳೆಗಳನ್ನೆಲ್ಲ ಒಂದೊಂದಾಗಿ ಅವುಗಳ ಖಾನೆಗಳಿಗೆ ಮರಳಿ ಹಂಚಿದರೇನೇ ಮರುದಿನದ ಹಾಳೆಗೆ ಮೊಳೆ ಸಿಕ್ಕುವುದು. ಹೀಗಾಗಿ ದಿನದ ಕೆಲಸ ಮುಗಿಯುವಾಗ ರಾತ್ರಿ ಹನ್ನೊಂದು ಮೀರುತ್ತಿತ್ತು. ಒಂದು ರಾತ್ರಿ ಕೆಲಸ ಮುಗಿಯಿತೆಂದು ನಿಟ್ಟುಸಿರು ಬಿಡುವಷ್ಟರಲ್ಲಿ ಜೋಡಿಸಿಟ್ಟ ಚೌಕಟ್ಟೊಂದು ಅಕಸ್ಮಾತ್ತಾಗಿ ಮುರಿದು ಎರಡು ಪುಟಗಳ ಮೊಳೆಗಳೆಲ್ಲ ಕಲಸಿಹೋದವು. ದಿನಕ್ಕೊಂದು ಹಾಳೆಯೆಂದು ಆತನು ಯಾರಿಗೂ ಮಾತು ಕೊಟ್ಟಿರಲಿಲ್ಲ. ಕೊಟ್ಟಿದ್ದುದು ತನಗೆ ಮಾತ್ರ. ಫ್ರಾಂಕ್ಲಿನ್ನನು ಚೆಲ್ಲಾಪಿಲ್ಲಿಯಾದ ಮೊಳೆಗಳನ್ನು ಆರಿಸಿ, ಹಂಚಿ, ಎರಡೂ ಪುಟಗಳನ್ನು ಮತ್ತೆ ಜೋಡಿಸಿ ಆಮೇಲೆ ಮಲಗಿದನು.

ಈ ಬೆಳಕು ನೆರೆಹೊರೆಯ ಕಣ್ಣಿಗೆ ಬೀಳದಿರಲಿಲ್ಲ. ವರ್ತಕರ ಸಂಜೆಯ ಕೂಟದಲ್ಲಿ ಈ ಹೊಸ ಅಚ್ಚುಕೂಟ ಉಳಿಯದು, ಊರಲ್ಲಿ ಆಗಲೇ ಎರಡಿವೆ ಎಂಬ ಮಾತು ನಡೆದಾಗ, ಬೇರ್ಡ್ ಎಂಬ ವೈದ್ಯನು ಒಪ್ಪಲಿಲ್ಲ. ತಾನು ಕೂಟ ಮುಗಿಸಿ ಮನೆಗೆ ಹೋಗುವಾಗಲೂ ಆ ಹುಡುಗ ದುಡಿಯುತ್ತಿರುತ್ತಾನೆ, ಬೆಳಿಗ್ಗೆ ನೆರೆಯವರು ಏಳುವ ಮುನ್ನವೇ ಮತ್ತೆ ದುಡಿಯುತ್ತಿರುತ್ತಾನೆ ಎಂಬುದು ಆತನ ಸಾಕ್ಷಿ. ಅದನ್ನು ಕೇಳಿದ ವರ್ತಕನೊಬ್ಬನು ಕಾಗದ, ಲೇಖನಸಾಮಗ್ರಿಗಳನ್ನು ಉದ್ರಿಯಾಗಿ ಕೊಡುತ್ತೇನೆ, ಅಂಗಡಿ ಇಡಿರೆಂದು ಮುಂದೆ ಬಂದನು. ಇವರು ಆಗ ಒಪ್ಪಲಿಲ್ಲ. ಈ ನಿರಾಕರಣೆಯನ್ನು ಚರಿತ್ರಕಾರರು ಹೆಚ್ಚಾಗಿ ಎತ್ತಿ ಹೇಳುವುದಿಲ್ಲ. ನನಗಾದರೋ ರಾತ್ರಿಯ ದುಡಿಮೆಗಿಂತ ಇದೇ ದೊಡ್ಡದೆನಿಸುತ್ತದೆ. ಬಾಗಿಲಿಗೆ ಬಂದ ಉದ್ರಿಯ ಸರಕನ್ನು ಬೇಡವೆನ್ನುವುದು ಎಷ್ಟು ಕಷ್ಟವೆಂಬುದನ್ನು ಪೇಟೆಯಲ್ಲಿ ಕುಳಿತವರೇ ಬಲ್ಲರು. ಮುಂದೆ ಕೈ ತುಸು ಬಲಗೊಂಡ ಮೇಲೆ ಆತನು ಸ್ಟೇಷನರಿ ಅಂಗಡಿಯನ್ನೂ ತೆರೆದನೆಂಬುದು ಬೇರೆ ಮಾತು.

ಪರೀಕ್ಷೆ ಬಂದುದು ಬೇರೊಂದು ದಿಕ್ಕಿನಿಂದ. ಮೆರೆಡಿತ್ತನ ತಂದೆ ಯಂತ್ರಸಾಮಗ್ರಿಗಾಗಿ ಕೊಡುತ್ತೇನೆಂದ ಇನ್ನೂರು ಪೌಂಡುಗಳಲ್ಲಿ ನೂರನ್ನು ಮಾತ್ರ ಕೊಡಲು ಶಕ್ತನಾದನು. ಉಳಿದ ನೂರಕ್ಕೆ ವರ್ತಕನು ಮೂವರ ಮೇಲೂ ದಾವೆ ಹೂಡಿದನು. ಗಡುವಿನೊಳಗೆ ಹಣ ಕಟ್ಟದಿದ್ದರೆ ಯಂತ್ರ, ಮೊಳೆಗಳೆಲ್ಲ ಹರಾಜಿಗೆ. ಇದೇ ವೇಳೆಗೆ ವರ್ನನ್ನನ ಕಾಗದವೂ ಬಂದಿತು. ಆತನು ಒತ್ತಾಯ ಮಾಡಿರಲಿಲ್ಲ, ನೆನಪಿಸಿದ್ದನು. ಫ್ರಾಂಕ್ಲಿನ್ನನು ತಪ್ಪೊಪ್ಪಿಕೊಂಡು ಇನ್ನಷ್ಟು ಕಾಲಾವಕಾಶ ಬೇಡಿದನು. ಕೈಗೂಡಿದ ಕೂಡಲೇ ಅಸಲನ್ನು ಬಡ್ಡಿಯೊಡನೆ, ವಂದನೆಗಳೊಡನೆ ಸಲ್ಲಿಸಿ ಆ ಋಣದಿಂದ ಮುಕ್ತನಾದನು.

ದಾವೆಯ ಸಂಕಟದಲ್ಲಿ ಇಬ್ಬರು ಗೆಳೆಯರು, ಕೋಲ್ಮನ್ ಮತ್ತು ಗ್ರೇಸ್, ಒಬ್ಬನಿಗೊಬ್ಬನು ತಿಳಿಯದಂತೆ ಬೇರೆ ಬೇರೆಯಾಗಿ ಬಂದು, ಬೇಕಾದ ಹಣವನ್ನೆಲ್ಲ ತಾನೇ ಕೊಡುತ್ತೇನೆಂದರು. ಆದರೆ ಇಬ್ಬರದೂ ಒಂದೇ ಮಾತು: ಬೀದಿಯಲ್ಲಿ ಕುಡಿದು ತೂರಾಡುವ ಮೆರೆಡಿತ್ತನೊಡನೆ ಪಾಲುದಾರಿಕೆ ಬೇಡ. ಆ ತಂದೆಮಕ್ಕಳು ಮಾತು ನಡೆಸಿಕೊಡುವ ಆಸೆ ಇರುವವರೆಗೆ ಬೇರೆಯಾಗುವ ಪ್ರಸ್ತಾಪವನ್ನು ತಾನಾಗಿ ಎತ್ತಲಾರೆನೆಂದು ಫ್ರಾಂಕ್ಲಿನ್ನನು ಹೇಳಿದನು. ಅವರು ತನಗೆ ಮಾಡಿದ ಉಪಕಾರ ಆತನಿಗೆ ನೆನಪಿತ್ತು. ಕಡೆಗೆ ಮೆರೆಡಿತ್ತನೇ ಬಾಯಿ ಬಿಟ್ಟನು. ತಾನು ಒಕ್ಕಲುಮಗ, ಮೂವತ್ತನೆಯ ವಯಸ್ಸಿನಲ್ಲಿ ಊರಿಗೆ ಬಂದು ಹೊಸ ಕಸಬು ಹಿಡಿದದ್ದೇ ತಪ್ಪಾಯಿತು. ಕಂಪನಿಯ ಸಾಲವನ್ನು ನೀನು ವಹಿಸಿಕೊಂಡು, ನನ್ನ ತಂದೆಯ ನೂರು ಪೌಂಡು ಹಿಂದಿರುಗಿಸಿ, ನನ್ನ ಸಣ್ಣಪುಟ್ಟ ಸಾಲ ತೀರಿಸಿ, ಮೂವತ್ತು ಪೌಂಡು ಮತ್ತು ಕುದುರೆಗೊಂದು ಹೊಸ ಜೀನು ಕೊಟ್ಟರೆ ಕರೋಲಿನಾಕ್ಕೆ ಹೋಗಿ ಬೇಸಾಯ ಮಾಡುತ್ತೇನೆ ಎಂದನು. 1730ರ ಜುಲೈಯಲ್ಲಿ ಪಾಲುದಾರಿಕೆ ಮುಗಿಯಿತು. ಒಬ್ಬ ಗೆಳೆಯನಿಂದಲೇ ಪೂರ್ತಿ ಪಡೆದರೆ ಇನ್ನೊಬ್ಬನಿಗೆ ನೋವಾದೀತೆಂದು ಫ್ರಾಂಕ್ಲಿನ್ನನು ಇಬ್ಬರಿಂದಲೂ ಅರ್ಧರ್ಧ ಸಾಲ ತೆಗೆದುಕೊಂಡನು. ಮೆರೆಡಿತ್ತನೂ ನನ್ನ ದೃಷ್ಟಿಯಲ್ಲಿ ಸೋತವನಲ್ಲ. ತನಗೆ ಒಗ್ಗದ ಕಸಬಿನಿಂದ ಹೊರಬರುವ ಧೈರ್ಯ ಆತನಿಗೂ ಇತ್ತು.

ಅಂದಿನಿಂದ ಫ್ರಾಂಕ್ಲಿನ್ನನು ಒಬ್ಬಂಟಿಗ ಮಾಲೀಕ. ಸಾದಾ ಉಡುಪು ಧರಿಸಿ, ಕೊಂಡ ಕಾಗದದ ಹೊರೆಯನ್ನು ಕೈಬಂಡಿಯಲ್ಲಿಟ್ಟು ತಾನೇ ಬೀದಿಯಲ್ಲಿ ತಳ್ಳಿಕೊಂಡು ಬರುತ್ತಿದ್ದನು. ತಾನು ಶ್ರಮಜೀವಿಯಾಗಿದ್ದರೆ ಸಾಲದು, ಹಾಗೆ ಕಾಣುವಂತೆಯೂ ನೋಡಿಕೊಂಡೆ ಎಂದು ಆತನೇ ಒಪ್ಪಿದ್ದಾನೆ. ಇದರಲ್ಲಿ ತೋರಿಕೆಯ ಅಂಶವಿದೆಯೆಂದು ಮೂಗು ಮುರಿದವರಿದ್ದಾರೆ. ಸಾಲದಲ್ಲಿರುವ ವ್ಯಾಪಾರಿಗೆ ಪತ್ತು ಎಂಬುದೇ ಬಂಡವಾಳ. ಆ ಬಂಡಿ ಊರಿನ ಸಾಲಿಗರಿಗೆಲ್ಲ ದಿನವೂ ಹೋಗುತ್ತಿದ್ದ ಒಂದು ಪತ್ರವಿದ್ದಂತೆ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಡೆಬೋರಾ ಆತನ ಬಾಳಸಂಗಾತಿಯಾದಳು. ಪುಸ್ತಕಗಳನ್ನು ಮಡಿಚಿ ಹೊಲಿಯುವುದು, ಅಂಗಡಿ ನೋಡಿಕೊಳ್ಳುವುದು, ಕಾಗದ ತಯಾರಿಕೆಗೆ ಬೇಕಾದ ಹಳೆಯ ನಾರುಬಟ್ಟೆಯ ಚಿಂದಿಯನ್ನು ಕೊಳ್ಳುವುದು ಎಲ್ಲವೂ ಆಕೆಯ ಪಾಲಿಗೆ. ಮನೆಯಲ್ಲಿ ಆಳುಗಳಿಲ್ಲ. ಎರಡು ಪೆನ್ನಿಯ ಮಣ್ಣಿನ ಬಟ್ಟಲಲ್ಲಿ ರೊಟ್ಟಿ, ಹಾಲು, ತವರದ ಚಮಚ. ಹೀಗೆ ಬಹುಕಾಲ ನಡೆದ ಮೇಲೆ ಒಂದು ಮುಂಜಾನೆ ಪಿಂಗಾಣಿ ಬಟ್ಟಲೂ ಬೆಳ್ಳಿಯ ಚಮಚವೂ ಎದುರಿಗೆ ಬಂದವು. ಪತಿಗೆ ತಿಳಿಸದೆ ಇಪ್ಪತ್ತಮೂರು ಷಿಲಿಂಗು ಕೊಟ್ಟು ತಂದಿದ್ದಳು ಆಕೆ. ನೆರೆಯವರಂತೆ ತನ್ನ ಗಂಡನಿಗೂ ಅದರ ಯೋಗ್ಯತೆಯಿದೆಯೆಂಬುದೊಂದೇ ಆಕೆಯ ಸಮಜಾಯಿಷಿ! ಫ್ರಾಂಕ್ಲಿನ್ನನು ಇದನ್ನು ನಗುತ್ತ ಬರೆದಿದ್ದಾನೆ. ಆ ಮಿತವ್ಯಯದ ವರ್ಷಗಳ ಭಾರದಲ್ಲಿ ಅರ್ಧವನ್ನು ಹೊತ್ತವಳು ಆಕೆ ಎಂಬುದನ್ನು ನಾವು ಮರೆಯಬಾರದು.

ಆತನ ಇನ್ನೊಂದು ಆಸರೆ 1727ರಲ್ಲಿ ಕಟ್ಟಿದ ಗೆಳೆಯರ ಕೂಟ. ಗಾಜಿನ ಕೆಲಸದವನು, ಚಮ್ಮಾರ, ಬಡಗಿ, ಭೂಮಾಪಕ, ವರ್ತಕನ ಗುಮಾಸ್ತ ಇಂಥವರೇ ಅದರ ಸದಸ್ಯರು. ಪ್ರತಿ ಶುಕ್ರವಾರ ಸಂಜೆ ಸೇರಿ, ಗೊತ್ತುಪಡಿಸಿದ ಪ್ರಶ್ನೆಗಳನ್ನು ಒಬ್ಬರಿಗೊಬ್ಬರು ಕೇಳಿಕೊಳ್ಳುತ್ತಿದ್ದರು. ಊರಲ್ಲಿ ಈಚೆಗೆ ಯಾರ ವ್ಯಾಪಾರ ಮುರಿದುಬಿದ್ದಿತು, ಕಾರಣವೇನೆಂದು ಕೇಳಿದಿರಿ. ಯಾರು ಏಳಿಗೆಯಾದರು, ಯಾವ ಮಾರ್ಗದಿಂದ ಎಂಬವು ಆ ಪ್ರಶ್ನೆಗಳಲ್ಲಿ ಎರಡು. ಕೇಳುವವರಿಲ್ಲದ ಮಾಲೀಕನು ತನ್ನನ್ನು ಕೇಳುವವರನ್ನು ತಾನೇ ಹುಡುಕಿಕೊಂಡ ಬಗೆ ಇದು.

ಈಗ ಆ ಪ್ರಸಿದ್ಧ ಕಿರುಪುಸ್ತಕಕ್ಕೆ ಬರೋಣ. ಮದುವೆಯ ಆಸುಪಾಸಿನ ವರ್ಷಗಳಲ್ಲಿ ಫ್ರಾಂಕ್ಲಿನ್ನನು ಹದಿಮೂರು ಸದ್ಗುಣಗಳ ಪಟ್ಟಿ ಮಾಡಿ, ಒಂದೊಂದಕ್ಕೂ ಒಂದು ಪುಟ ಮೀಸಲಿಟ್ಟು, ಕೆಂಪು ಶಾಯಿಯಲ್ಲಿ ವಾರದ ಏಳು ದಿನಗಳಿಗೆ ಏಳು ಅಂಕಣ ಗೆರೆ ಎಳೆದನು. ರಾತ್ರಿ ಆ ದಿನದ ತಪ್ಪುಗಳಿಗೆ ಕಪ್ಪು ಚುಕ್ಕೆ. ವಾರಕ್ಕೊಂದು ಗುಣದ ಮೇಲೆ ವಿಶೇಷ ಲಕ್ಷ್ಯ. ಹದಿಮೂರು ವಾರಕ್ಕೆ ಒಂದು ಸುತ್ತು, ವರ್ಷಕ್ಕೆ ನಾಲ್ಕು ಸುತ್ತು. ವಾಚಕರು ಪಟ್ಟಿಯ ಅನುಕ್ರಮವನ್ನು ಗಮನಿಸಬೇಕು. ದೃಢಸಂಕಲ್ಪವೆಂಬುದು ಅದರಲ್ಲಿ ಮೊದಲನೆಯದಲ್ಲ, ನಾಲ್ಕನೆಯದು. ಅದಕ್ಕೂ ಮೊದಲು ಮಿತವಾದ ಅನ್ನಪಾನ, ಅದು ತಲೆಯನ್ನು ತಿಳಿಯಾಗಿಡಲೆಂದು, ಬಳಿಕ ಮೌನ, ಬಳಿಕ ಕ್ರಮಬದ್ಧತೆ, ಅದು ಉಳಿದುದಕ್ಕೆ ವೇಳೆ ಒದಗಿಸಲೆಂದು. ಈ ಮೂರು ನೆಲೆಗೊಂಡ ಮೇಲೆ ಸಂಕಲ್ಪದ ಸರದಿ. ಅದರ ನಂತರ ಮಿತವ್ಯಯ ಮತ್ತು ಉದ್ಯಮಶೀಲತೆ. ಇವು ಉಳಿದಿರುವ ಸಾಲದಿಂದ ಬಿಡುಗಡೆ ತರುತ್ತವೆಂದು ಆತನ ವಿವರಣೆ. ನಾಲ್ಕಾರು ವರ್ಷಗಳು ಕಳೆದರೂ ಹಡಗಿನ ಮೇಲಿನ ಸಾಲಗಾರ ಆ ಪುಸ್ತಕದಲ್ಲಿ ಇನ್ನೂ ಇದ್ದಾನೆ. ಪಟ್ಟಿಯ ಕೊನೆಯ ಗುಣವಾದ ವಿನಯವನ್ನು ಆತ ತಾನಾಗಿ ಸೇರಿಸಿದ್ದಲ್ಲ. ನಿನಗೆ ಗರ್ವವಿದೆಯೆಂದು ಜನ ಆಡಿಕೊಳ್ಳುತ್ತಾರೆಂದು ಗೆಳೆಯನೊಬ್ಬನು ತಿಳಿಸಿದ ಮೇಲೆ ಸೇರಿತು.

ಈ ವ್ರತ ನಡೆಯಿತೆ? ಚುಕ್ಕೆಗಳನ್ನು ಕೆರೆದು ಕೆರೆದು ಹಾಳೆಗಳಲ್ಲಿ ತೂತು ಬಿದ್ದವು. ಆಮೇಲೆ ದಂತದ ಹಾಳೆಗಳ ಟಿಪ್ಪಣಿ ಪುಸ್ತಕವೊಂದರ ಮೇಲೆ ಅಳಿಯದ ಕೆಂಪು ಗೆರೆ ಎಳೆದು, ಚುಕ್ಕೆಗಳನ್ನು ಸೀಸದ ಕಡ್ಡಿಯಿಂದ ಇಟ್ಟು ಒದ್ದೆ ಸ್ಪಂಜಿನಿಂದ ಒರೆಸಿಕೊಳ್ಳತೊಡಗಿದನು. ತಾನೆಣಿಸಿದುದಕ್ಕಿಂತ ಎಷ್ಟೋ ಹೆಚ್ಚು ದೋಷಗಳು ತನ್ನಲ್ಲಿರುವುದನ್ನು ಕಂಡು ಬೆರಗಾದೆನೆಂದಿದ್ದಾನೆ. ಎಲ್ಲಕ್ಕಿಂತ ಕಾಡಿದ್ದು ಕ್ರಮಬದ್ಧತೆ. ಬೆಳಿಗ್ಗೆ ಐದಕ್ಕೆ ಏಳುವುದು, ಇಂದು ಯಾವ ಒಳಿತನ್ನು ಮಾಡಲಿ ಎಂದು ಕೇಳಿಕೊಳ್ಳುವುದು, ಎಂಟರಿಂದ ಕೆಲಸ, ಮಧ್ಯಾಹ್ನ ಊಟದ ಜೊತೆಗೆ ಓದು ಅಥವಾ ಲೆಕ್ಕಪತ್ರ ನೋಡುವುದು, ರಾತ್ರಿ ಇಂದು ಯಾವ ಒಳಿತನ್ನು ಮಾಡಿದೆನೆಂದು ಪರಿಶೀಲಿಸಿ ಹತ್ತಕ್ಕೆ ಮಲಗುವುದು: ಇದು ಆತನ ದಿನಚರಿ. ಆದರೆ ಇಂಥ ದಿನಚರಿ ಕೂಲಿಗೆ ದುಡಿಯುವ ಮುದ್ರಣಕಾರನಿಗೆ ಸಾಧ್ಯ. ಅಂಗಡಿಯ ಒಡೆಯನಾದವನು ಗಿರಾಕಿಗಳು ಬಂದ ಹೊತ್ತಿಗೆ ಅವರನ್ನು ಕಾಣಲೇಬೇಕಾಗುವುದರಿಂದ ಅವನಿಗೆ ಇದು ಪೂರ್ತಿಯಾಗಿ ನಡೆಯದೆಂದು ಆತನೇ ಬರೆದಿಟ್ಟಿದ್ದಾನೆ. ವೇಳಾಪಟ್ಟಿ ಬರೆದು ಎರಡನೆಯ ವಾರಕ್ಕೆ ಹರಿದೆಸೆದ ಅಂಗಡಿಕಾರರಿಗೆ ಈ ಮಾತು ಸಮಾಧಾನ ತಂದೀತು. ಫ್ರಾಂಕ್ಲಿನ್ನನು ಪಟ್ಟಿಯನ್ನು ಹರಿಯಲಿಲ್ಲ, ಅಷ್ಟೇ ವ್ಯತ್ಯಾಸ.

ಈ ಸಂದರ್ಭದಲ್ಲಿ ಆತನು ಹೇಳುವ ಕೊಡಲಿಯ ಕಥೆಯೊಂದಿದೆ. ಒಬ್ಬನು ಕಮ್ಮಾರನಲ್ಲಿ ಕೊಡಲಿ ಕೊಂಡು, ಅಂಚಿನಂತೆಯೇ ಅದರ ಮೈಯೆಲ್ಲ ಹೊಳೆಯಬೇಕೆಂದನು. ಸಾಣೆಯ ಚಕ್ರವನ್ನು ನೀನು ತಿರುಗಿಸುವುದಾದರೆ ಹೊಳೆಯಿಸಿ ಕೊಡುತ್ತೇನೆಂದು ಕಮ್ಮಾರನು ಒಪ್ಪಿ, ಕೊಡಲಿಯನ್ನು ಕಲ್ಲಿಗೆ ಬಲವಾಗಿ ಒತ್ತಿ ಹಿಡಿದನು. ತಿರುಗಿಸಿ ತಿರುಗಿಸಿ ತೋಳು ಸೋತ ಗಿರಾಕಿಯು ಇಷ್ಟೇ ಸಾಕೆಂದನು. ಇನ್ನೂ ಮಚ್ಚೆ ಮಚ್ಚೆಯಾಗಿದೆಯಲ್ಲ ಎಂದು ಕಮ್ಮಾರನೆಂದರೆ, ನನಗೆ ಮಚ್ಚೆಯ ಕೊಡಲಿಯೇ ಹೆಚ್ಚು ಇಷ್ಟ ಎಂದನಂತೆ! ಎಪ್ಪತ್ತೆಂಟು ದಾಟಿದ ವೃದ್ಧನು ತನ್ನ ಕೊಡಲಿಯಲ್ಲಿ ಮಚ್ಚೆಗಳು ಉಳಿದುವೆಂದು ಒಪ್ಪಿಕೊಂಡು, ಆ ಪ್ರಯತ್ನವಿಲ್ಲದಿದ್ದರೆ ಇಷ್ಟೂ ಆಗುತ್ತಿರಲಿಲ್ಲವೆಂದಿದ್ದಾನೆ.

ಆ ಮಚ್ಚೆಗಳಲ್ಲಿ ಆತನು ಲೆಕ್ಕಕ್ಕೆ ಹಿಡಿಯದೇ ಹೋದುದೂ ಒಂದುಂಟು. 1729ರಲ್ಲಿ ತೊಂಬತ್ತು ಚಂದಾದಾರರೂ ಇಲ್ಲದ ಸ್ಥಿತಿಯಲ್ಲಿ ಕೊಂಡು ಬೆಳೆಸಿದ ‘ಪೆನ್ಸಿಲ್ವೇನಿಯಾ ಗೆಜೆಟ್’ ಪತ್ರಿಕೆಯಲ್ಲಿ ಗುಲಾಮರ ಮಾರಾಟದ ಜಾಹೀರಾತುಗಳು, ಓಡಿಹೋದ ಆಳುಗಳನ್ನು ಹಿಡಿದುಕೊಡಬೇಕೆಂಬ ಪ್ರಕಟಣೆಗಳು ಅಚ್ಚಾಗುತ್ತಿದ್ದವು. ತಾನೇ ಕರಾರು ಮುರಿದು ಓಡಿಬಂದವನ ಅಚ್ಚುಕೂಟದಲ್ಲಿ! ಆತನ ಮನೆಯಲ್ಲಿಯೂ ಗುಲಾಮರಿದ್ದರು. ನ್ಯಾಯವೆಂಬ ಗುಣ ಹದಿಮೂರರಲ್ಲಿ ಸೇರಿತ್ತು. ಆದರೂ ಇದಕ್ಕೊಂದು ಕಪ್ಪು ಚುಕ್ಕೆ ಬಿದ್ದಂತೆ ಕಾಣುವುದಿಲ್ಲ. 1787ರಲ್ಲಿ ಗುಲಾಮಗಿರಿಯ ನಿರ್ಮೂಲನಕ್ಕಾಗಿ ದುಡಿಯುತ್ತಿದ್ದ ಪೆನ್ಸಿಲ್ವೇನಿಯಾದ ಸಂಘಕ್ಕೆ ಅಧ್ಯಕ್ಷನಾಗಿ, 1790ರಲ್ಲಿ ಅಮೆರಿಕೆಯ ಕಾಂಗ್ರೆಸ್ಸಿಗೆ ಮನವಿ ಸಲ್ಲಿಸಿದನು. ಅದು ಬಹಳ ತಡವಾಗಿ ಬಂದ ಅರಿವು. ತನ್ನ ಪಟ್ಟಿಯನ್ನು ತಾನೇ ಬರೆದುಕೊಳ್ಳುವವನು ಕಾಣದ ತಪ್ಪಿಗೆ ಅಂಕಣವನ್ನೇ ಎಳೆದಿರುವುದಿಲ್ಲ.

ವ್ಯಾಪಾರ ಬೆಳೆದ ಬಗೆಯನ್ನು ಸಂಕ್ಷೇಪವಾಗಿ ಹೇಳಬಹುದು. 1732ರ ಕೊನೆಯಲ್ಲಿ ಆರಂಭವಾದ ‘ಬಡ ರಿಚರ್ಡನ ಪಂಚಾಂಗ’ ವರ್ಷಕ್ಕೆ ಹತ್ತುಸಾವಿರದ ಹತ್ತಿರ ಮಾರಾಟವಾಯಿತು. ತನ್ನಲ್ಲಿ ಕೆಲಸ ಕಲಿತವರಿಗೆ ಬಂಡವಾಳ ಒದಗಿಸಿ ಬೇರೆ ಊರುಗಳಲ್ಲಿ ಪಾಲುದಾರಿಕೆಯ ಮುದ್ರಣಾಲಯಗಳನ್ನು ಇಡಿಸಿದನು. ಅವುಗಳಲ್ಲಿ ಚಾರ್ಲ್ಸ್‌ಟನ್ನಿನ ಟಿಮೊತಿ ಎಂಬ ಪಾಲುದಾರನು ವಿದ್ಯಾವಂತ, ಪ್ರಾಮಾಣಿಕ. ಆದರೆ ಲೆಕ್ಕ ಒಪ್ಪಿಸುವುದರಲ್ಲಿ ಹಿಂದು. 1738ರಲ್ಲಿ ಆತ ತೀರಿಕೊಂಡ ಮೇಲೆ ಪತ್ನಿ ಎಲಿಜಬೆತ್ ಕೆಲಸ ವಹಿಸಿಕೊಂಡಳು. ಹುಟ್ಟಿದ ನಾಡಾದ ಹಾಲೆಂಡಿನಲ್ಲಿ ಹೆಣ್ಣುಮಕ್ಕಳಿಗೂ ಲೆಕ್ಕಪತ್ರ ಕಲಿಸುವ ರೂಢಿಯಿತ್ತು. ಮೂರು ತಿಂಗಳಿಗೊಮ್ಮೆ ತಪ್ಪದೆ ಲೆಕ್ಕ ಕಳಿಸುತ್ತ, ಮಕ್ಕಳನ್ನು ಸಾಕುತ್ತ, ಗಡುವು ಮುಗಿದಾಗ ಮುದ್ರಣಾಲಯವನ್ನೇ ಕೊಂಡು ಮಗನಿಗೆ ವಹಿಸಿಕೊಟ್ಟಳು. ಹೆಣ್ಣುಮಕ್ಕಳಿಗೆ ಸಂಗೀತ ನೃತ್ಯಗಳಿಗಿಂತ ಈ ವಿದ್ಯೆ ಹೆಚ್ಚು ಉಪಯುಕ್ತವೆಂದು ಫ್ರಾಂಕ್ಲಿನ್ನನು ಆಕೆಯನ್ನು ಮುಂದಿಟ್ಟುಕೊಂಡು ವಾದಿಸಿದ್ದಾನೆ. ಹದಿಮೂರು ಗುಣಗಳ ಕಿರುಪುಸ್ತಕ ಆಕೆಯಲ್ಲಿತ್ತೋ ಇಲ್ಲವೋ. ಮೂರು ತಿಂಗಳ ಲೆಕ್ಕಪುಸ್ತಕವಂತೂ ಇತ್ತು.

1748ರ ಆರಂಭದಲ್ಲಿ, ನಲವತ್ತೆರಡರ ಹರೆಯದಲ್ಲಿ, ಫ್ರಾಂಕ್ಲಿನ್ನನು ಮುದ್ರಣಾಲಯದ ಕೆಲಸವನ್ನು ಡೇವಿಡ್ ಹಾಲ್ ಎಂಬ ನಂಬಿಕೆಯ ಪಾಲುದಾರನಿಗೆ ಒಪ್ಪಿಸಿ ಅಂಗಡಿಯಿಂದ ಎದ್ದುಬಂದನು. ಹದಿನೆಂಟು ವರ್ಷಗಳ ಕರಾರು, ಲಾಭದಲ್ಲಿ ಪಾಲು. ಸಾಲ ತೀರಿತ್ತು, ಸಂಸಾರಕ್ಕೆ ಸಾಕಾಗುವಷ್ಟು ಬರುತ್ತಿತ್ತು. ಇನ್ನೂ ಗಳಿಸುವ ಶಕ್ತಿಯಿದ್ದಾಗಲೇ ಆತನು ನಿಲ್ಲಿಸಿದನು. ಗಾಳಿಪಟ, ಪ್ಯಾರಿಸ್ಸಿನ ರಾಯಭಾರ ಎರಡೂ ಇದರ ನಂತರದವು. 1726ರ ಹಡಗಿನಲ್ಲಿ ಬರೆದ ಸಂಕಲ್ಪಕ್ಕೆ ಒಂದು ಎಲ್ಲೆಯಿತ್ತು. ಸಾಲ ತೀರುವವರೆಗೆ ಎಂದು ಬರೆದುಕೊಂಡವನಿಗೆ ಎಲ್ಲಿ ನಿಲ್ಲಬೇಕೆಂಬುದೂ ತಿಳಿದಿತ್ತು.

ಆತನು 1790ರ ಏಪ್ರಿಲ್ 17ರಂದು ತೀರಿಕೊಂಡನು. 1788ರಲ್ಲಿ ಬರೆದ ಮರಣಪತ್ರದ ಮೊದಲ ಸಾಲಿನಲ್ಲಿ ತನ್ನ ಹೆಸರು, ಊರುಗಳ ನಂತರ, ರಾಯಭಾರಿ ಮೊದಲಾದ ಪದವಿಗಳಿಗಿಂತ ಮುಂಚೆ, ಮುದ್ರಣಕಾರನೆಂದು ಬರೆದುಕೊಂಡಿದ್ದಾನೆ. ಮರುವರ್ಷ ಅದಕ್ಕೆ ಅನುಬಂಧವೊಂದನ್ನು ಸೇರಿಸಿದನು. ತನ್ನ ಭಾಗ್ಯಕ್ಕೆ ಅಡಿಗಲ್ಲು ಫಿಲಡೆಲ್ಫಿಯಾದ ಇಬ್ಬರು ಗೆಳೆಯರು ಕೊಟ್ಟ ಸಾಲವೆಂದು ಅದರಲ್ಲಿ ನೆನೆದು, ಬಾಸ್ಟನ್ ಮತ್ತು ಫಿಲಡೆಲ್ಫಿಯಾ ನಗರಗಳಿಗೆ ತಲಾ ಒಂದು ಸಾವಿರ ಪೌಂಡುಗಳನ್ನು ಬಿಟ್ಟನು. ಆ ನಿಧಿಯಿಂದ, ಕಸಬು ಕಲಿತು ಹೊಸದಾಗಿ ಉದ್ಯೋಗ ಹೂಡುವ, ಇಪ್ಪತ್ತೈದು ತುಂಬದ, ಮದುವೆಯಾದ ಕುಶಲಕರ್ಮಿಗಳಿಗೆ ನೂರಕ್ಕೆ ಐದರ ಬಡ್ಡಿಯಲ್ಲಿ ಸಾಲ ಕೊಡಬೇಕು. ಹದಿನೈದು ಪೌಂಡಿಗೆ ಕಡಿಮೆಯಿಲ್ಲ, ಅರುವತ್ತಕ್ಕೆ ಹೆಚ್ಚಿಲ್ಲ. ಅಸಲನ್ನು ವರ್ಷಕ್ಕೆ ಹತ್ತನೆಯ ಒಂದು ಪಾಲಿನಂತೆ ತೀರಿಸಬೇಕು. ಇನ್ನೂರು ವರ್ಷಗಳವರೆಗೆ ನಡೆಯಬೇಕಾದ ಏರ್ಪಾಡು ಅದು. ಕಾಲ ಕಳೆದಂತೆ ಹಳೆಯ ರೀತಿಯಲ್ಲಿ ಕಸಬು ಕಲಿಯುವವರು ಕಡಿಮೆಯಾಗಿ ಆ ಸಾಲವನ್ನು ಕೇಳಿ ಬರುವವರೂ ವಿರಳರಾದರು. ಬಾಸ್ಟನ್ನಿನ ಹಣದ ಒಂದು ಭಾಗದಿಂದ 1908ರಲ್ಲಿ ಕುಶಲವಿದ್ಯೆ ಕಲಿಸುವ ಶಾಲೆಯೊಂದು ತೆರೆಯಿತು. 1990ರಲ್ಲಿ ಅವಧಿ ಮುಗಿದಾಗ ಎರಡೂ ನಗರಗಳ ನಿಧಿ ಸೇರಿ 60 ಲಕ್ಷ ಡಾಲರುಗಳಿಗೂ ಮಿಕ್ಕಿತ್ತು.

ಸಾಲ ಪಡೆಯಬಯಸುವವನಿಗೆ ಆ ಅನುಬಂಧದಲ್ಲಿ ವಿಧಿಸಿದ ಷರತ್ತು ಇನ್ನೊಂದಿದೆ. ಆತನ ಸನ್ನಡತೆಗೆ ಸಾಕ್ಷಿ ನುಡಿದು ಹಣಕ್ಕೆ ಜಾಮೀನು ನಿಲ್ಲಲು ಊರಿನ ಮರ್ಯಾದಸ್ಥರು ಮುಂದೆ ಬರಬೇಕು. ಒಬ್ಬರಲ್ಲ, ಇಬ್ಬರು.